ಗಾಳಿ ನಡೆಸುವಾಗ ಚುಕ್ಕಾಣಿ ಯಾರ ಕೈಯಲ್ಲಿ?

ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: ಯೋಹಾನ 3:1-8, ಅಪೊಸ್ತಲರ ಕೃತ್ಯಗಳು 21:1-14, 27:9-44

ಬಂಗಾರಪೇಟೆ ಕಡೆಯಿಂದ ಬಂದವರು, ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರ್‌ಗಾಂ ಕಡೆಯಿಂದ ಬಂದವರು ಎಲ್ಲರೂ ಸತ್ಯವೇದ ತೆರೆದುಕೊಳ್ಳಿ. ಮೂರು ಭಾಗ ಓದಿದೆವು. ಮೂರರಲ್ಲೂ ಗಾಳಿ ಇದೆ, ಇಲ್ಲವೆ ಪ್ರಯಾಣ ಇದೆ.

ಈ ದಿನ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡ್ತೀನಿ. ನಾವು ಪೆಂತೆಕೊಸ್ತಿನವರು. "ಆತ್ಮನು ನಡೆಸಿದನು" ಅನ್ನುವ ಮಾತು ನಮ್ಮ ಬಾಯಲ್ಲಿ ದಿನವೂ ಇರುತ್ತೆ. ಮನೆ ಬದಲಾಯಿಸಿದರೆ ಆತ್ಮನು ನಡೆಸಿದನು, ಕೆಲಸ ಬಿಟ್ಟರೆ ಆತ್ಮನು ನಡೆಸಿದನು, ಸಭೆ ಬಿಟ್ಟು ಬೇರೆ ಸಭೆಗೆ ಹೋದರೂ ಆತ್ಮನೇ ನಡೆಸಿದನು. (ಇದಕ್ಕೆ ನಗಬೇಡಿ, ನಿಮ್ಮಲ್ಲಿ ಕೆಲವರು ಹಾಗೆ ಹೇಳಿಕೊಂಡೇ ಇಲ್ಲಿಗೆ ಬಂದಿದ್ದೀರಿ.) ಆತ್ಮನು ನಡೆಸುತ್ತಾನೆ, ಅದರಲ್ಲಿ ನನಗೆ ಸಂಶಯ ಇಲ್ಲ. ನನ್ನ ಪ್ರಶ್ನೆ ಬೇರೆ. ಆತ್ಮನು ನಡೆಸಿದನು ಅಂದ ಮೇಲೆ ಹೊಣೆ ಯಾರದು? ಹೋದ ದಾರಿ ಕೆಟ್ಟರೆ, ಒಬ್ಬರ ಬಾಳು ಮುರಿದರೆ, ಲೆಕ್ಕ ಕೊಡಬೇಕಾದವರು ಯಾರು?

ನಮ್ಮ ಸಭೆಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಒಬ್ಬ ಸಹೋದರರಿದ್ದಾರೆ. ಎಲೆಕ್ಟ್ರಿಕಲ್ ಕೆಲಸದವರು. ಹಾಯಿದೋಣಿಯನ್ನು ಯಂತ್ರ ನಡೆಸುವುದು ಹೇಗೆ ಅಂತ ಅವರು ನನಗೆ ಎರಡು ಸಂಜೆ ಕೂತು ಹೇಳಿಕೊಟ್ಟರು. ಕೇಳುತ್ತಾ ಕೇಳುತ್ತಾ, ಇದು ನಮ್ಮ ಪ್ರಾರ್ಥನಾ ಕೂಟಗಳ ವಿಷಯವೇ ಅಲ್ವಾ ಅನ್ನಿಸಿತು.

ನಮ್ಮೂರಿಗೆ ಸಮುದ್ರ ಇಲ್ಲ. ಇದ್ದದ್ದು ಗಣಿ, ಅದೂ ಕೆಳಕ್ಕೆ ಮೂರು ಕಿಲೋಮೀಟರಿಗೂ ಆಳ. 2001ರ ಫೆಬ್ರವರಿ 28ಕ್ಕೆ ಅದೂ ಮುಚ್ಚಿತು. ಆದರೆ ಗಾಳಿ ನಮಗೆ ಗೊತ್ತು. 3 ಕೋಟಿ ಟನ್ನಿಗೂ ಮೀರಿದ ಸೈನೈಡ್ ದಿಬ್ಬಗಳ ಪಕ್ಕದಲ್ಲಿ ಬೆಳೆದವರು ನಾವು. ಗಾಳಿ ಜೋರಾದಾಗ ಯಾವ ಲೈನಿನ ಮೇಲೆ ಧೂಳು ಬೀಳುತ್ತೆ, ಯಾವ ಕಿಟಕಿ ಮುಚ್ಚಬೇಕು, ಒಣಗಲು ಹಾಕಿದ ಬಟ್ಟೆ ಯಾವಾಗ ಒಳಗೆ ತರಬೇಕು ಅಂತ ನಮ್ಮ ತಾಯಂದಿರಿಗೆ ಯಾವ ಯಂತ್ರವೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಹಾಯಿದೋಣಿಗೆ ಬರೋಣ. ಕಳೆದ ವರ್ಷಗಳಲ್ಲಿ ಪೇಪರಿನಲ್ಲಿ ಓದಿರುತ್ತೀರಿ, ಕೇರಳದ ದಿಲ್ನಾ, ಪುದುಚೇರಿಯ ರೂಪಾ ಅಂತ ನೌಕಾಪಡೆಯ ಇಬ್ಬರು ಹೆಣ್ಣುಮಕ್ಕಳು ‘ತಾರಿಣಿ’ ಅನ್ನುವ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ಕ್ಕೆ ಗೋವಾ ಬಿಟ್ಟು, ಭೂಮಿಯನ್ನು ಸುತ್ತಿ, 2025ರ ಮೇ ತಿಂಗಳ ಕೊನೆಗೆ ವಾಪಸ್ ಬಂದರು. ಹತ್ತಿರ ಹತ್ತಿರ ಎಂಟು ತಿಂಗಳು. ಇಬ್ಬರೇ. ಊಟ ಮಾಡಬೇಕು, ನಿದ್ದೆ ಮಾಡಬೇಕು, ಹರಿದ ಹಾಯಿ ಹೊಲಿಯಬೇಕು. ಅಷ್ಟು ದಿನ ಇಪ್ಪತ್ತನಾಲ್ಕು ಗಂಟೆಯೂ ಚುಕ್ಕಾಣಿಯನ್ನು ಕೈಯಲ್ಲೇ ಹಿಡಿದಿರೋದು ಮನುಷ್ಯರಿಂದ ಆಗುವ ಕೆಲಸ ಅಲ್ಲ. ದೂರ ಹೋಗುವ ದೋಣಿಗಳಲ್ಲಿ ಅದಕ್ಕೇ ಆಟೋಪೈಲಟ್ ಇರುತ್ತೆ.

ಆ ಯಂತ್ರಕ್ಕೆ ಎರಡು ರೀತಿಯಲ್ಲಿ ಅಪ್ಪಣೆ ಕೊಡಬಹುದು. ಒಂದು, ದಿಕ್ಸೂಚಿ ನೋಡಿಕೊಂಡು ನಡೆಸು, ಇಂಥ ದಿಕ್ಕಿಗೇ ಹೋಗು ಅನ್ನೋದು. ಎರಡನೆಯದು, ಗಾಳಿಯನ್ನು ನೋಡಿಕೊಂಡು ನಡೆಸು ಅನ್ನೋದು. ಹಾಯಿಕಂಬದ ತುದಿಯಲ್ಲಿ ಒಂದು ಪುಟ್ಟ ಗಾಳಿಮುಳ್ಳು ಇರುತ್ತೆ. ಗಾಳಿ ದೋಣಿಯ ಮೂತಿಗೆ ಎಷ್ಟು ಕೋನದಲ್ಲಿ ಬೀಳುತ್ತಿದೆ ಅಂತ ಅದು ಹೇಳುತ್ತೆ. ಅರವತ್ತು ಡಿಗ್ರಿ ಅಂತ ಇಟ್ಟರೆ, ಮೋಟಾರು ಚುಕ್ಕಾಣಿಯನ್ನು ಆಚೆ ಈಚೆ ತಿರುಗಿಸುತ್ತಾ ಅರವತ್ತನ್ನೇ ಕಾಯುತ್ತೆ.

ದಿಕ್ಕು ಬಿಟ್ಟು ಕೋನ ಯಾಕೆ ಕಾಯಬೇಕು? ಹಾಯಿದೋಣಿಗೆ ಎಂಜಿನ್ ಗಾಳಿಯೇ. ಗಾಳಿ ಬರುವ ಕಡೆಗೇ ನೇರವಾಗಿ ಹೋಗಲು ಅದಕ್ಕೆ ಆಗೋದಿಲ್ಲ. ಹೆಚ್ಚುಕಡಿಮೆ ನಲವತ್ತೈದು ಡಿಗ್ರಿಯಷ್ಟು ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಬೇಕು. ದಿಕ್ಸೂಚಿಗೆ ಅಂಟಿಕೊಂಡು ಹೋಗುವಾಗ ಗಾಳಿ ಸ್ವಲ್ಪ ಮುಂದಕ್ಕೆ ತಿರುಗಿದರೆ ಹಾಯಿ ಪಟಪಟ ಬಡಿದು ದೋಣಿ ನಿಂತೇಹೋಗಬಹುದು. ಗಾಳಿ ಹಿಂದಿನಿಂದ ಬರುವಾಗ ತಿರುಗಿದರೆ ಇನ್ನೂ ಅಪಾಯ. ಹಾಯಿಯ ಬುಡದಲ್ಲಿರುವ ಅಡ್ಡಕಂಬ ಒಂದೇ ಸಲಕ್ಕೆ ಈ ಕಡೆಯಿಂದ ಆ ಕಡೆಗೆ ಬೀಸಿಬಿಡುತ್ತೆ, ತಲೆಗೆ ಬಡಿದರೆ ಪ್ರಾಣವೇ ಹೋಗುತ್ತೆ. ಗಾಳಿಯ ಕೋನ ಕಾಯುವ ದೋಣಿಗೆ ಈ ಭಯ ಕಡಿಮೆ. ಗಾಳಿ ತಿರುಗಿದರೆ ತಾನೂ ತಿರುಗುತ್ತೆ. ಹಾಯಿ ಯಾವಾಗಲೂ ತುಂಬಿರುತ್ತೆ.

ದೇವಜನರೇ, ಇಲ್ಲೇ ವಿಷಯ ಇರೋದು. ಗಾಳಿ ಮೂವತ್ತು ಡಿಗ್ರಿ ತಿರುಗಿದರೆ ದೋಣಿಯೂ ಮೂವತ್ತು ಡಿಗ್ರಿ ತಿರುಗುತ್ತೆ. ಒಳಗೆ ಮಲಗಿದವನಿಗೆ ಏನೂ ಗೊತ್ತಾಗೋದಿಲ್ಲ. ಅಲುಗಾಟ ಅದೇ, ಸದ್ದು ಅದೇ, ವೇಗ ಅದೇ. ಎಲ್ಲಾ ಚೆನ್ನಾಗೇ ಇದೆ ಅನ್ನಿಸುತ್ತೆ. ದೋಣಿ ಬಂಡೆಯ ಕಡೆಗೆ ಹೋಗುತ್ತಿರುತ್ತೆ. ಯಂತ್ರ ಕೆಟ್ಟಿಲ್ಲ, ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದೆ. ಗಾಳಿಗೆ ಅದು ನಂಬಿಗಸ್ತವಾಗಿದೆ. ಸೇರಬೇಕಾದ ಊರು ಯಾವುದು ಅನ್ನೋದು ಮಾತ್ರ ಅದಕ್ಕೆ ಗೊತ್ತಿಲ್ಲ.

ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ತಮ್ಮಂದಿರು ಇಲ್ಲಿ ಎಷ್ಟೋ ಜನ ಇದ್ದೀರಿ. ಮಾರಿಕುಪ್ಪಂನಲ್ಲಿ ಹತ್ತಿ ಕೂತರೆ ಕೋರಮಂಡಲ್ ದಾಟುವಷ್ಟರಲ್ಲಿ ನಿದ್ದೆ, ಬಂಗಾರಪೇಟೆ ಜಂಕ್ಷನ್‌ನಲ್ಲಿ ಒಮ್ಮೆ ಕಣ್ಣು ಬಿಟ್ಟು ಮತ್ತೆ ನಿದ್ದೆ. ಮಲಗಿದರೂ ಬೆಂಗಳೂರು ಬರುತ್ತೆ, ಯಾಕಂದ್ರೆ ಕೆಳಗೆ ಹಳಿ ಇದೆ. ಆತ್ಮಿಕ ಜೀವನವನ್ನು ನಾವು ಈ ರೈಲಿನ ಹಾಗೆ ಅಂದುಕೊಂಡುಬಿಟ್ಟಿದ್ದೀವಿ. ಒಮ್ಮೆ ಹತ್ತಿದರೆ ಸಾಕು ಅಂತ. ನೀರಿನ ಮೇಲೆ ಹಳಿ ಇಲ್ಲ.

ಈಗ ಆ ಸಹೋದರರು ಹೇಳಿದ ಇನ್ನೊಂದು ಮಾತು. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಂಬದ ತುದಿಯ ಮುಳ್ಳು ತೋರಿಸೋದು ನಿಜವಾದ ಗಾಳಿಯನ್ನಲ್ಲವಂತೆ. ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಗೆ ಬೈಕಿನಲ್ಲಿ ಬನ್ನಿ. ಎಲೆ ಅಲ್ಲಾಡದ ದಿನವೂ ಮುಖಕ್ಕೆ ಗಾಳಿ ಹೊಡೆಯುತ್ತೆ. ಗಾಡಿ ನಿಲ್ಲಿಸಿ, ಗಾಳಿಯೂ ನಿಂತುಹೋಗುತ್ತೆ. ಅದು ಎಲ್ಲಿಂದ ಬಂತು? ನಿಮ್ಮ ಓಟದಿಂದಲೇ ಬಂತು. ದೋಣಿಯ ಮೇಲೂ ಹೀಗೇ. ಹೊರಗಿನ ಗಾಳಿ ಮತ್ತು ದೋಣಿಯ ಸ್ವಂತ ವೇಗ ಎರಡೂ ಬೆರೆತು ಒಂದು ಗಾಳಿಯಾಗಿ ಮುಳ್ಳಿಗೆ ತಗಲುತ್ತೆ. ವೇಗ ಹೆಚ್ಚಿದಷ್ಟೂ ಗಾಳಿ ಮುಂದಿನಿಂದಲೇ ಬರುತ್ತಿದೆ ಅನ್ನಿಸುತ್ತೆ. ದೊಡ್ಡ ಅಲೆಯೊಂದು ಹಿಂದಿನಿಂದ ಎತ್ತಿ ತಳ್ಳಿದಾಗ ದೋಣಿಯ ವೇಗ ಏರಿ, ಮುಳ್ಳು ಮುಂದಕ್ಕೆ ತಿರುಗಿ, ಗಾಳಿಯೇ ಬದಲಾಯಿತು ಅಂದುಕೊಂಡ ಯಂತ್ರ ದೋಣಿಯನ್ನು ಅಪಾಯದ ಕಡೆಗೆ ತಿರುಗಿಸಿಬಿಡಬಹುದು. ಇದಕ್ಕೆ ಪರಿಹಾರವಾಗಿ ಒಳ್ಳೆಯ ಯಂತ್ರಗಳಲ್ಲಿ ಒಂದು ಲೆಕ್ಕ ಇರುತ್ತಂತೆ. ನನ್ನ ವೇಗ ಇಷ್ಟು, ಅದನ್ನು ಕಳೆದರೆ ಉಳಿಯುವ ಗಾಳಿ ಇಷ್ಟು. ತನ್ನ ವೇಗವನ್ನು ಅಳೆಯದ ಯಂತ್ರಕ್ಕೆ ನಿಜವಾದ ಗಾಳಿ ಯಾವುದೆಂದು ಗೊತ್ತಾಗೋದೇ ಇಲ್ಲ.

ಪ್ರಿಯರೇ, ಉಪವಾಸ ಪ್ರಾರ್ಥನೆಯ ಮೂರನೇ ದಿನ, ಡ್ರಮ್ ಜೋರಾಗಿ, ಎಲ್ಲರ ಕೈಯೂ ಮೇಲಿರುವಾಗ ನಿಮ್ಮ ಎದೆಯಲ್ಲಿ ಒಂದು ಮಾತು ಎದ್ದರೆ, ಅದರಲ್ಲಿ ಆತ್ಮನದು ಎಷ್ಟು, ನಿಮ್ಮ ಓಟದ್ದು ಎಷ್ಟು? ನಿಮ್ಮ ಆಸೆಯ ವೇಗ, ಭಯದ ವೇಗ, ಸಾಲದ ವೇಗ? ಇದನ್ನು ಕೇಳಿದರೆ ಆತ್ಮನನ್ನು ನಂದಿಸಿದ ಹಾಗಲ್ಲ. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆ 5ನೇ ಅಧ್ಯಾಯದಲ್ಲಿ, ಆತ್ಮನನ್ನು ನಂದಿಸಬೇಡಿರಿ ಅಂತ ಹೇಳಿದ ಪೌಲನೇ ಅದೇ ಉಸಿರಿನಲ್ಲಿ ಎಲ್ಲವನ್ನೂ ಪರೀಕ್ಷಿಸಿ ನೋಡಿ ಅಂತಲೂ ಹೇಳಿದ್ದಾನೆ. ನಾವು ಮೊದಲನೆಯದನ್ನು ಗೋಡೆಗೆ ಬರೆದು ಹಾಕ್ತೀವಿ, ಎರಡನೆಯದನ್ನು ಹಾಕೋದಿಲ್ಲ.

ಒಂದು ಸಂಗತಿ ಹೇಳ್ತೀನಿ. ಆ ಮಗಳ ಅನುಮತಿ ಕೇಳಿಯೇ ಹೇಳುತ್ತಿರೋದು, ಗುರುತು ಸಿಗದ ಹಾಗೆ ಕೆಲವನ್ನು ಬದಲಾಯಿಸಿದ್ದೀನಿ. ಒಂದು ಮನೆಯ ಪ್ರಾರ್ಥನಾ ಕೂಟದಲ್ಲಿ ಒಬ್ಬರು ಎದ್ದು ನಿಂತು, ಈ ಹುಡುಗಿಗೆ ಇಂಥ ಹುಡುಗನನ್ನು ಕರ್ತನು ಸಿದ್ಧಮಾಡಿದ್ದಾನೆ ಅಂತ ಪ್ರವಾದನೆ ನುಡಿದರು. ಹುಡುಗನ ಮನೆಯವರು ಅಲ್ಲೇ ಇದ್ದರು. ಎಲ್ಲರೂ ಆಮೆನ್ ಅಂದರು. ಆ ಮಗಳಿಗೆ ಮನಸ್ಸಿಲ್ಲ. ಹುಡುಗ ಕುಡಿಯುತ್ತಾನೆ ಅಂತ ಅವಳಿಗೆ ಗೊತ್ತು, ಕೂಟದಲ್ಲಿ ಅದನ್ನು ಬಾಯಿಬಿಟ್ಟು ಹೇಳೋಕೆ ಆಗಲಿಲ್ಲ. ಮರುದಿನ ಅಮ್ಮನ ಜೊತೆ ನನ್ನ ಹತ್ತಿರ ಬಂದು, "ಪಾಸ್ಟರ್ ಅಯ್ಯಾ, ನಾನು ಬೇಡ ಅಂದ್ರೆ ಪವಿತ್ರಾತ್ಮನಿಗೆ ವಿರೋಧವಾಗಿ ಪಾಪ ಮಾಡಿದ ಹಾಗಾ?" ಅಂತ ಕೇಳಿದಳು.

ನೋಡಿ, ಎಂಥಾ ಭಾರವನ್ನು ಇಪ್ಪತ್ತೆರಡು ವರ್ಷದ ಹೆಣ್ಣುಮಗಳ ತಲೆ ಮೇಲೆ ಇಟ್ಟಿದ್ದೀವಿ! ಮದುವೆಯಾಗಿ ಬಾಳಬೇಕಾದವಳು ಅವಳು. ನುಡಿದವರು ಮುಂದಿನ ಕೂಟಕ್ಕೆ ಹೋಗ್ತಾರೆ, ಆಮೆನ್ ಅಂದವರು ಟೀ ಕುಡಿದು ಮನೆಗೆ ಹೋಗ್ತಾರೆ. ನಾಳೆ ಅವಳು ಪೆಟ್ಟು ತಿಂದು ತವರಿಗೆ ಬಂದರೆ, ಆ ದಿನ ಚುಕ್ಕಾಣಿ ಹಿಡಿದಿದ್ದವರು ಯಾರು ಅಂತ ಹುಡುಕಿದರೆ ಒಬ್ಬರೂ ಸಿಗೋದಿಲ್ಲ. ಎಲ್ಲರೂ ಗಾಳಿಯ ಕಡೆ ಕೈ ತೋರಿಸುತ್ತಾರೆ.

ಸಮುದ್ರದಲ್ಲಿ ಈ ಜವಾಬು ನಡೆಯೋದಿಲ್ಲ. ಡಿಕ್ಕಿ ತಪ್ಪಿಸಲು 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಿವೆ. ಅದರ 5ನೇ ನಿಯಮದ ಪ್ರಕಾರ ಪ್ರತಿಯೊಂದು ಹಡಗು, ದೋಣಿ ಎಲ್ಲಾ ಸಮಯದಲ್ಲೂ ಕಣ್ಣಿಂದಲೂ ಕಿವಿಯಿಂದಲೂ ಕಾವಲು ಇಟ್ಟಿರಲೇಬೇಕು. ಯಂತ್ರ ನಡೆಸುತ್ತಿತ್ತು ಅನ್ನೋದಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ.

ನಾನು ಆ ಮಗಳಿಗೆ ಹೇಳಿದ್ದು ಇಷ್ಟೇ. "ಅಮ್ಮಾ, ಪ್ರವಾದನೆಯನ್ನು ಸಭೆ ವಿವೇಚಿಸಬೇಕು ಅಂತ 1 ಕೊರಿಂಥ 14:29ರಲ್ಲಿ ಇದೆ. ವಿವೇಚಿಸುವ ಹಕ್ಕು ಎಲ್ಲರಿಗಿಂತ ಮೊದಲು ನಿನಗಿದೆ. ನಿನಗೆ ಗೊತ್ತಿರುವ ಸತ್ಯವನ್ನು ಹೇಳಿದರೆ ಸತ್ಯದ ಆತ್ಮನು ದುಃಖಪಡೋದಿಲ್ಲ." ಹಿರಿಯರನ್ನು ಕೂರಿಸಿದೆವು. ಸಂಬಂಧ ನಿಂತಿತು. ನುಡಿದವರಿಗೆ ಬೇಸರವಾಯಿತು, ಈಗಲೂ ಆಗಿದೆ. ಆ ಮಗಳಿಗೆ ಇನ್ನೂ ಮದುವೆ ಆಗಿಲ್ಲ, "ಪಾಸ್ಟರ್ ಮಾತು ಕೇಳಿ ಹೀಗಾಯ್ತು" ಅನ್ನುವವರೂ ಇದ್ದಾರೆ. ಇರಲಿ. ಆ ಮಾತಿಗೆ ನಾನು ಹೊಣೆ, ನನ್ನ ಹೆಸರು ಹಿಡಿದೇ ಹೇಳಿ.

ಕೆಲವರು ಕೇಳಬಹುದು, "ಹಾಗಾದರೆ ನೀವು ಆತ್ಮನಿಗಿಂತ ಬುದ್ಧಿಯನ್ನು ಮೇಲಿಟ್ಟಿರಿ ಅಲ್ವಾ? ಗಾಳಿ ತನಗೆ ಇಷ್ಟಬಂದ ಕಡೆ ಬೀಸುತ್ತೆ ಅಂತ ಕರ್ತನೇ ನಿಕೊದೇಮನಿಗೆ ಹೇಳಲಿಲ್ವಾ?" ಒಳ್ಳೆಯ ಪ್ರಶ್ನೆ. ಆ ವಚನವನ್ನು ನಿಧಾನವಾಗಿ ಓದಿ. ಅಲ್ಲಿ ಕರ್ತನು ನಮ್ಮನ್ನು ದೋಣಿಗೆ ಹೋಲಿಸಿಲ್ಲ. ಆತ್ಮನಿಂದ ಹುಟ್ಟಿದವನ ಜೀವ ಎಲ್ಲಿಂದ ಬಂತು ಅಂತ ಲೋಕಕ್ಕೆ ಅರ್ಥವಾಗೋದಿಲ್ಲ ಅನ್ನುವುದು ಅಲ್ಲಿನ ವಿಷಯ. ನಾನು ಎಲ್ಲಿಗೆ ಹೋಗುತ್ತಿದ್ದೀನಿ ಅಂತ ನನಗೇ ಗೊತ್ತಿಲ್ಲ, ಕೇಳಬೇಡಿ ಅನ್ನೋಕೆ ಅದು ಪರವಾನಗಿ ಅಲ್ಲ. ಮತ್ತೆ, ದೋಣಿಯ ಉಪಮಾನ ನನ್ನದು, ಅದಕ್ಕೂ ಮಿತಿ ಇದೆ. ಸಮುದ್ರದ ಗಾಳಿಗೆ ಉದ್ದೇಶ ಇಲ್ಲ, ಪ್ರೀತಿ ಇಲ್ಲ. ಪವಿತ್ರಾತ್ಮನು ಬರೀ ಶಕ್ತಿಯಲ್ಲ, ವ್ಯಕ್ತಿ. ಇಬ್ರಿಯದ ರೂಅಹ್, ಗ್ರೀಕಿನ ನ್ಯೂಮ ಎರಡಕ್ಕೂ ಗಾಳಿ ಅನ್ನುವ ಅರ್ಥವೂ ಇದೆ, ಆತ್ಮ ಅನ್ನುವ ಅರ್ಥವೂ ಇದೆ, ನಿಜ. ಆದರೆ ಹೋರೇಬಿನಲ್ಲಿ ಬೆಟ್ಟ ಸೀಳುವ ಗಾಳಿ ಬಂದಾಗ ಅದರಲ್ಲಿ ಕರ್ತನಿರಲಿಲ್ಲ ಅಂತ ಎಲೀಯನ ಕಥೆಯಲ್ಲಿ ಓದ್ತೀವಿ. ಎಲ್ಲಾ ಗಾಳಿಯೂ ಆತನದಲ್ಲ.

ಈಗ 21ನೇ ಅಧ್ಯಾಯ. ಇದನ್ನು ನಮ್ಮ ಸಭೆಗಳಲ್ಲಿ ಹೆಚ್ಚು ಬೋಧಿಸೋದಿಲ್ಲ, ಯಾಕಂದ್ರೆ ಕಷ್ಟ. ಯೆರೂಸಲೇಮಿಗೆ ಹೋಗು ಅಂತ ಆತ್ಮನು ತನ್ನನ್ನು ಕಟ್ಟಿಹಾಕಿದ ಹಾಗಿದೆ ಅಂತ ಪೌಲನು 20ನೇ ಅಧ್ಯಾಯದಲ್ಲಿ ಹೇಳ್ತಾನೆ. ತೂರಿಗೆ ಬಂದರೆ ಅಲ್ಲಿನ ಶಿಷ್ಯರು, ಅವರೂ ಆತ್ಮನ ಪ್ರೇರಣೆಯಿಂದಲೇ, ಹೋಗಬೇಡ ಅಂತಾರೆ. ಒಬ್ಬನೇ ಆತ್ಮ, ಎರಡು ಮಾತು! ಕೈಸರೈಯಕ್ಕೆ ಬಂದರೆ ಪ್ರವಾದಿ ಅಗಬನು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲು ಕಟ್ಟಿಕೊಂಡು, ಇದರ ಯಜಮಾನನನ್ನು ಹೀಗೆ ಕಟ್ಟುತ್ತಾರೆ ಅಂತ ತೋರಿಸ್ತಾನೆ. ಅಗಬನು ನುಡಿದದ್ದು ಏನು ಆಗುತ್ತೆ ಅನ್ನೋದನ್ನು ಮಾತ್ರ. ಹೋಗಬೇಡ ಅಂತ ಅವನು ಹೇಳಿಲ್ಲ, ಬೇಕಾದರೆ ಇನ್ನೊಮ್ಮೆ ಓದಿ. ಹೋಗಬೇಡ ಅಂತ ಅತ್ತವರು ಸುತ್ತ ಇದ್ದ ಪ್ರೀತಿಯ ಜನ, ಲೂಕನೂ ಅವರಲ್ಲಿ ಒಬ್ಬ. ನನಗೆ ಅನ್ನಿಸೋದು, ತೂರಿನಲ್ಲೂ ಇದೇ ನಡೆದಿರಬೇಕು. ಬೇಡಿ ಕಾದಿದೆ ಅನ್ನೋದನ್ನು ಆತ್ಮನು ತಿಳಿಸಿದನು, ಆದ್ದರಿಂದ ಹೋಗಬೇಡ ಅನ್ನೋದನ್ನು ಅವರ ಪ್ರೀತಿ ಸೇರಿಸಿತು. ಗಾಳಿ ಹೊರಗಿನದು, ಅದಕ್ಕೆ ಬೆರೆತ ವೇಗ ಅವರದು. ಬೇರೆ ದೇವಸೇವಕರು ಇದನ್ನು ಬೇರೆ ರೀತಿ ಬಿಡಿಸ್ತಾರೆ, ನಾನು ಜಗಳ ಮಾಡೋದಿಲ್ಲ. ಪೌಲನು ಮಾತ್ರ ಪ್ರವಾದನೆಯನ್ನು ಸುಳ್ಳು ಅನ್ನಲಿಲ್ಲ, ತೀರ್ಮಾನವನ್ನು ಅವರ ಕೈಗೂ ಕೊಡಲಿಲ್ಲ.

ಅನುಕೂಲದ ಗಾಳಿಯ ಬಗ್ಗೆಯೂ ಒಂದು ಮಾತು. "ಬಾಗಿಲು ತಾನಾಗಿ ತೆರೀತು, ಅದಕ್ಕೇ ದೇವರ ಚಿತ್ತ" ಅಂತೀವಿ. ಯೋನನು ದೇವರಿಂದ ಓಡಿಹೋಗಲು ಯೊಪ್ಪಕ್ಕೆ ಬಂದಾಗ ತಾರ್ಷೀಷಿನ ಹಡಗು ಹೊರಡಲು ಸಿದ್ಧವಾಗೇ ನಿಂತಿತ್ತು. 27ನೇ ಅಧ್ಯಾಯದಲ್ಲಿ ಪೌಲನು ಈಗ ಹೊರಡುವುದು ಬೇಡ ಅಂತ ಎಚ್ಚರಿಸಿದರೂ ಶತಾಧಿಪತಿ ಕೇಳಲಿಲ್ಲ. ಅಷ್ಟರಲ್ಲಿ ತೆಂಕಣ ಗಾಳಿ ಮೆಲ್ಲಗೆ ಬೀಸಿತು. ನಮ್ಮ ಕಾರ್ಯ ಕೈಗೂಡಿತು ಅಂದುಕೊಂಡು ಲಂಗರು ಎತ್ತಿದರು. ಸ್ವಲ್ಪ ಹೊತ್ತಿಗೆ ಕ್ರೇತ ದ್ವೀಪದ ಮೇಲಿಂದ ಚಂಡಮಾರುತ ಇಳಿಯಿತು.

ಹಾಗಂತ ಗಾಳಿಯೇ ಬೇಡ, ನನ್ನ ತಿಳುವಳಿಕೆಯೇ ಸಾಕು ಅನ್ನುವವರಿಗೂ ಕೇಳಿಸಲಿ. ಕೇರಳ ಮೂಲದ ಅಭಿಲಾಷ್ ಟೋಮಿ, ನೌಕಾಪಡೆಯ ನಿವೃತ್ತ ಕಮಾಂಡರ್, 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ, ಹಾಯಿಕಂಬ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ, ಏಳಲಾರದೆ ದೋಣಿಯಲ್ಲೇ ಬಿದ್ದಿದ್ದರು. ಫ್ರಾನ್ಸಿನ ಒಂದು ಹಡಗು ಬಂದು ಎತ್ತಿಕೊಂಡಿತು. ಅದೇ ಮನುಷ್ಯ 2022ರಲ್ಲಿ ಮತ್ತೆ ಅದೇ ಸ್ಪರ್ಧೆಗೆ ಹೋದರು, 236 ದಿನ ಒಬ್ಬರೇ ಸಾಗಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಬಂದರು. ಆ ಸ್ಪರ್ಧೆಯಲ್ಲಿ ಎಲೆಕ್ಟ್ರಾನಿಕ್ ಆಟೋಪೈಲಟ್‌ಗೆ ಅವಕಾಶ ಇಲ್ಲ. ಗಾಳಿಗೆ ವಾಲುವ ಒಂದು ಹಲಗೆ, ಅದಕ್ಕೆ ಜೋಡಿಸಿದ ಸನ್ನೆ, ಹಗ್ಗ, ಅಷ್ಟೇ ದೋಣಿಯನ್ನು ಗಾಳಿಯ ಕೋನದಲ್ಲಿ ಹಿಡಿದಿರೋದು. ಅದು ಮುರಿದಾಗ ಅವರು ದೋಣಿಯ ಟಾಯ್ಲೆಟ್ ಬಾಗಿಲನ್ನೇ ಕೊಯ್ದು ರಿಪೇರಿಗೆ ಬಳಸಿಕೊಂಡರು. ಬಾಗಿಲಿಲ್ಲದೆ ಇದ್ದರೂ ಪರವಾಗಿಲ್ಲ, ಗಾಳಿಯನ್ನು ಗುರುತಿಸುವ ಹಲಗೆ ಇಲ್ಲದೆ ಆಗೋದಿಲ್ಲ! ಆತ್ಮನ ಸಂವೇದನೆ ಕಳೆದುಕೊಂಡ ಸಭೆ ನನಗೂ ಬೇಡ. ವರಗಳಿಗೆ ಹೆದರಿ ಬಾಗಿಲು ಮುಚ್ಚಿಕೊಂಡ ಸಭೆಗಳನ್ನು ನೋಡಿದ್ದೀನಿ, ಅಲ್ಲಿ ಹಾಯಿ ಇಳಿಸಿಟ್ಟಿದ್ದಾರೆ. ಸುರಕ್ಷಿತವಾಗಿದ್ದಾರೆ, ಎಲ್ಲಿಗೂ ಹೋಗುತ್ತಿಲ್ಲ.

ಕೊನೆಯದಾಗಿ ಪೌಲನ ಹಡಗಿಗೆ ಬರೋಣ. ಬಿರುಗಾಳಿಯಲ್ಲಿ ಎಷ್ಟೋ ದಿನ ಕಳೆದ ಮೇಲೆ ದೇವದೂತನು ಪೌಲನ ಪಕ್ಕದಲ್ಲಿ ನಿಂತು, ನಿನ್ನ ಜೊತೆ ಇರುವವರೆಲ್ಲರ ಪ್ರಾಣವೂ ಉಳಿಯುತ್ತೆ ಅಂತ ವಾಗ್ದಾನ ಕೊಟ್ಟನು. 276 ಜನ. ಸ್ಪಷ್ಟವಾದ ವಾಗ್ದಾನ, ಷರತ್ತಿಲ್ಲ. ಹದಿನಾಲ್ಕನೆಯ ರಾತ್ರಿ ನೆಲ ಹತ್ತಿರ ಬಂತು ಅಂತ ಗೊತ್ತಾದಾಗ, ನಾವಿಕರು ಲಂಗರು ಹಾಕುವ ನೆಪದಲ್ಲಿ ಚಿಕ್ಕ ದೋಣಿ ಇಳಿಸಿ ಓಡಿಹೋಗಲು ನೋಡಿದರು. ಆಗ ಪೌಲನು ಶತಾಧಿಪತಿಗೆ ಏನು ಹೇಳ್ತಾನೆ? 31ನೇ ವಚನ ನೋಡಿ. ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕೋದಿಲ್ಲ ಅಂತಾನೆ. ವಾಗ್ದಾನ ಸಿಕ್ಕಿದವನೇ ಹೀಗೆ ಹೇಳೋದು! ದೇವದೂತ ಹೇಳಿದ್ದಾನಲ್ಲ, ನಾವಿಕರು ಹೋದರೆ ಹೋಗಲಿ ಅನ್ನಬಹುದಿತ್ತು. ಅನ್ನಲಿಲ್ಲ. ಹಡಗು ನಡೆಸಲು ಬಲ್ಲ ಕೈಗಳು ಅಲ್ಲೇ ಇರಬೇಕು ಅಂದನು. ಸೈನಿಕರು ಹಗ್ಗ ಕತ್ತರಿಸಿ ಆ ಚಿಕ್ಕ ದೋಣಿಯನ್ನು ಸಮುದ್ರಕ್ಕೆ ಬಿಟ್ಟರು.

ಬೆಳಗಾಯಿತು. ಪೌಲನು ಎಲ್ಲರಿಗೂ ಊಟ ಮಾಡಿ ಅಂದನು. 40ನೇ ವಚನಕ್ಕೆ ಬನ್ನಿ. ಲಂಗರುಗಳನ್ನು ಕಳಚಿದರು, ಚುಕ್ಕಾಣಿಗಳಿಗೆ ಕಟ್ಟಿದ್ದ ಹಗ್ಗ ಬಿಚ್ಚಿದರು, ಮುಂದಿನ ಹಾಯಿಯನ್ನು ಗಾಳಿಗೆ ಎತ್ತಿದರು, ದಡದ ಕಡೆ ಹೊರಟರು. ಚುಕ್ಕಾಣಿ, ಹಾಯಿ ಎರಡೂ ಒಂದೇ ವಚನದಲ್ಲಿವೆ.

ಎದ್ದು ನಿಲ್ಲೋಣ. ಪ್ರಾರ್ಥನೆಗೆ ಮೊದಲು ಒಂದು ವಿಷಯ. ಯಾರಿಗಾದರೂ ಪ್ರವಾದನೆಯ ಮಾತು ಸಿಕ್ಕಿದ್ದು, ಅದರ ಮೇಲೆ ಮದುವೆ, ಕೆಲಸ, ಮನೆ ಮಾರಾಟ, ಔಷಧಿ ನಿಲ್ಲಿಸೋದು, ಇಂಥ ತೀರ್ಮಾನ ಮಾಡಬೇಕಾಗಿದ್ದರೆ, ಆರಾಧನೆ ಮುಗಿದ ಮೇಲೆ ಹಿರಿಯರ ಹತ್ತಿರ ಬನ್ನಿ. ಅವಸರ ಇಲ್ಲ. ನುಡಿದವರೂ ಜೊತೆಗೆ ಬನ್ನಿ, ಇಬ್ಬರನ್ನೂ ಕೂರಿಸಿಕೊಂಡೇ ಮಾತಾಡೋಣ. ಹೆಣ್ಣುಮಕ್ಕಳು ಒಂಟಿಯಾಗಿ ಮಾತಾಡಬೇಕು ಅಂದ್ರೆ ಹಿರಿಯ ಅಕ್ಕಂದಿರು ಇಬ್ಬರು ಪಕ್ಕದ ಕೊಠಡಿಯಲ್ಲಿ ಇರ್ತಾರೆ. ಈಗ ಕಣ್ಣು ಮುಚ್ಚೋಣ.